ಮಾವನ ಬಾಲ

ಮಾವ ಮಾತು ಕೊಟ್ಟದ್ದು ಊಟದ ಮೇಜಿನ ಮುಂದೆ, ಬಾಯಲ್ಲಿ ತುತ್ತು ಇರುವಾಗಲೇ.

"ಆಯ್ತು ಕಣಮ್ಮ. ಈ ಸಲ ಎಲ್ಲರಿಗಿಂತ ಹಿಂದೆ ಬಂದ್ರೆ ಗಾಡಿ ಮಾರಿಬಿಡ್ತೀನಿ. ಬರ್ಲಿಲ್ಲ ಅಂದ್ರೆ ನೀನು ಮತ್ತೆ ಆ ಸುದ್ದಿ ಎತ್ತಬಾರದು."

ಮಗಳು ಹಿಂದೆ ಮುಂದೆ ನೋಡದೆ ಒಪ್ಪಿದಳು. ಒಪ್ಪದೆ ಏನು? ಬಂದರಿನಲ್ಲಿ ಕ್ರೇನ್ ಓಡಿಸಿ ನಿವೃತ್ತರಾದ ಆಕೆಯ ಅಪ್ಪ ಹಳೇ ಬೈಕುಗಳ ಎಂಡ್ಯೂರೋ ಎಂಬ ಕಾಡುದಾರಿ ರೇಸಿನಲ್ಲಿ ಕೊನೆಯವರಾಗದ ವರ್ಷ ಯಾರ ನೆನಪಿನಲ್ಲೂ ಇರಲಿಲ್ಲ. ಹೋದ ವರ್ಷವಂತೂ ಕೊನೆಯವರಾಗುವ ಭಾಗ್ಯವೂ ಸಿಗದೆ, ಗಾಡಿ ಸಮೇತ ಹಳ್ಳಕ್ಕುರುಳಿ ಭುಜದ ಮೂಳೆ ಮುರಿದುಕೊಂಡು ಆಂಬುಲೆನ್ಸಿನಲ್ಲಿ ಬಂದಿದ್ದರು. ಅಂದಿನಿಂದ ಮಗಳಿಗೆ ಮನೆಯೆದುರು ಯಾವ ಬೈಕಿನ ಸದ್ದಾದರೂ ಎದೆ ಧಸಕ್ಕೆನ್ನುತ್ತಿತ್ತು. ಗಾಡಿ ಕೊಳ್ಳುವವನನ್ನೂ ಆಕೆ ಹುಡುಕಿಟ್ಟಿದ್ದಳು. ಕಾಫಿ ಅಂಗಡಿಯ ಮಾಲೀಕನೊಬ್ಬ ಅದನ್ನು ಗೋಡೆಗೆ ನೇತುಹಾಕಿ, ಗಿರಾಕಿಗಳು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವ ಹಾಗೆ ಮಾಡುವವನಿದ್ದ.

ಈ ಒಪ್ಪಂದ ನಡೆಯುವಾಗ ಅಳಿಯ ತಲೆ ತಗ್ಗಿಸಿ ಊಟ ಮಾಡುತ್ತಿದ್ದ. ಔಷಧಿ ಅಂಗಡಿ ಇಟ್ಟುಕೊಂಡ ಸಾಧು ಪ್ರಾಣಿ ಅವನು. ಗಿರಾಕಿಗಳ ಕೆಮ್ಮಿನ ಪುರಾಣ ಕೇಳಿ ಕೇಳಿ, ಮಾತಾಡುವುದಕ್ಕಿಂತ ಸುಮ್ಮನಿರುವುದೇ ಮೇಲೆಂದು ಕಲಿತಿದ್ದ. ಬೈಕಿನ ಕ್ಲಬ್ಬಿಗೆ ಸೇರಿದ್ದೂ ಮಾವ ಎಳೆದುಕೊಂಡು ಹೋದದ್ದರಿಂದ. ಒಂದು ಗುಂಡಿ ಒತ್ತಿದರೆ ಚಾಲೂ ಆಗುವ ಹೊಸ ಗಾಡಿ ಅವನದು. ಮಾವ ಅದನ್ನು ಮಿಕ್ಸಿ ಎಂದು ಕರೆಯುತ್ತಿದ್ದರು.

ಸ್ವಲ್ಪ ದಿನಕ್ಕೆ ಕ್ಲಬ್ಬಿನ ಕಾರ್ಯದರ್ಶಿ ಫೋನ್ ಮಾಡಿದರು. "ಈ ವರ್ಷ ನೀವು ಬಾಲ ಆಗಬೇಕಲ್ಲ."

ಬಾಲ ಎಂದರೆ ಎಂಡ್ಯೂರೋದಲ್ಲಿ ಎಲ್ಲರ ಹಿಂದೆ ಬರುವವನು. ಸ್ಪರ್ಧಿಗಳು ಕಲ್ಲು, ಕೆಸರು, ಕಾಡುದಾರಿಗಳಲ್ಲಿ ದಿನವಿಡೀ ಓಡಿಸಿ, ಒಂದೊಂದು ಚೆಕ್‌ಪಾಯಿಂಟನ್ನೂ ಗೊತ್ತಾದ ಸಮಯದೊಳಗೆ ಮುಟ್ಟಬೇಕು. ಬಾಲ ಕಿತ್ತಲೆ ಬಣ್ಣದ ಅಂಗಿ ತೊಟ್ಟು ಕಟ್ಟಕಡೆಯವನ ಹಿಂದೆಯೇ ಇರಬೇಕು. ಬಿದ್ದವರನ್ನು ಎತ್ತಬೇಕು, ಸಿಕ್ಕಿಕೊಂಡವರನ್ನು ತಳ್ಳಬೇಕು. ಇನ್ನು ಆಗದವರ ಹ್ಯಾಂಡಲ್ಲಿನಿಂದ ನಂಬರ್ ಹಲಗೆ ಬಿಚ್ಚಿ ವ್ಯಾನಿಗೆ ಹತ್ತಿಸುವ ಅಧಿಕಾರವೂ ಅವನದೇ. ತಲೆ ಮೇಲೆ ತಲೆ ಬಿದ್ದರೂ ಯಾರನ್ನೂ ದಾಟುವ ಹಾಗಿಲ್ಲ. ಇಷ್ಟು ಜನರಿರುವಾಗ ತನ್ನನ್ನೇ ಯಾಕೆ ಆರಿಸಿದರೆಂದು ಅಳಿಯ ಕೇಳಲಿಲ್ಲ. ಕೇಳುವ ಅಭ್ಯಾಸವೇ ಅವನಿಗಿರಲಿಲ್ಲ.

ಹೆಂಡತಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ಒಳ್ಳೇದೇ ಆಯ್ತು ರೀ. ಅಪ್ಪ ಎಲ್ಲಾದರೂ ತಡ ಮಾಡಿದ್ರೆ ಸಾಕು, ಹಲಗೆ ಬಿಚ್ಚಿ ವ್ಯಾನಿಗೆ ಹತ್ತಿಸಿ. ನೀವು ಕಾವಲಿಗೆ ಅಂತ ಮಾತ್ರ ಬಾಯಿ ಬಿಡಬೇಡಿ. ಗೊತ್ತಾದ್ರೆ ದೊಡ್ಡ ರಂಪ."

ರೇಸಿನ ದಿನ ಕಲ್ಲುಕ್ವಾರಿಯ ಬಯಲಲ್ಲಿ ಮಾವ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಏನು ಅಳಿಯಂದ್ರೆ, ಜೋರು ಅಂಗಿ! ನೀವೂ ರೇಸಿಗೆ ಇಳಿದ್ರಾ?"

"ಹೀಗೇ ಮಾವ, ಸುಮ್ನೆ..." ಎಂದು ಅಳಿಯ ಹಲ್ಲು ಕಿರಿದ. ಇಷ್ಟು ವರ್ಷ ತಮ್ಮ ಹಿಂದೆ ಬರುತ್ತಿದ್ದ ಕಿತ್ತಲೆ ಅಂಗಿಯವರನ್ನೆಲ್ಲ ಈ ಮನುಷ್ಯ ತಮಗಿಂತ ದಡ್ಡ ಸ್ಪರ್ಧಿಗಳೆಂದೇ ತಿಳಿದಿದ್ದಾರೋ ಏನೋ ಎಂದು ಅವನಿಗೆ ಪಾಪ ಅನ್ನಿಸಿತು.

ಬಾವುಟ ಬಿತ್ತು. ಉಳಿದವರೆಲ್ಲ ಧೂಳೆಬ್ಬಿಸಿಕೊಂಡು ಕಣ್ಮರೆಯಾದರು. ಮಾವ ಕಿಕ್ ಹೊಡೆದರು, ಗಾಡಿ ಕೆಮ್ಮಿತು. ಇನ್ನೊಂದು ಹೊಡೆದರು, ಉಗುಳಿತು. ಬೈಗುಳ ತಿಂದ ಮೇಲೆಯೇ ಅದು ಹೊರಟದ್ದು. ಅಳಿಯ ತನ್ನ ಮಿಕ್ಸಿಯ ಗುಂಡಿ ಒತ್ತಿ ಹಿಂಬಾಲಿಸಿದ.

ಮೊದಲ ತಿರುವಿನಲ್ಲೇ ಮಾವ ಹಿಂತಿರುಗಿ ನೋಡಿದರು. ಕಿತ್ತಲೆ ಅಂಗಿ ಕಂಡದ್ದೇ ತಡ, ಮುದುಕರ ಮೈಯಲ್ಲಿ ಏನೋ ಹೊಕ್ಕಿತು. ಫುಟ್‌ರೆಸ್ಟಿನ ಮೇಲೆ ಎದ್ದು ನಿಂತರು. ದಾರಿ ಅಗಲವಾದಲ್ಲೆಲ್ಲ ಎಡಕ್ಕೂ ಬಲಕ್ಕೂ ಅಡ್ಡ ಬಂದು ಅಳಿಯನ ದಾರಿ ಕಟ್ಟಿದರು. ಅಳಿಯನಿಗೆ ದಾಟುವ ಆಸೆ ಎಳ್ಳಷ್ಟೂ ಇರಲಿಲ್ಲ. ಆದರೂ ಒಂದೆರಡು ಸಲ ಮುಲಾಜಿಗೆ ಬಿದ್ದು ದಾಟಲು ಪ್ರಯತ್ನಿಸುವವನಂತೆ ಹಾರ್ನ್ ಹೊಡೆದ.

ಗುಡ್ಡದ ಏರಿನಲ್ಲಿ ಮಾವನ ಗಾಡಿ ನಿಂತೇಹೋಯಿತು. ಅವರು ಇಳಿದು ಪ್ಲಗ್ ಬಿಚ್ಚಿ, ಬೆಂಕಿಪೊಟ್ಟಣದ ಗೀರುವ ಮಗ್ಗುಲಿಗೆ ಅದನ್ನು ಉಜ್ಜುತ್ತಾ ಕೂತರು.

"ಹೋಗಿ ಅಳಿಯಂದ್ರೆ, ಇದೇ ಸಮಯ. ದಾರಿ ಖಾಲಿ ಇದೆ."

"ಪರವಾಗಿಲ್ಲ ಮಾವ. ನೀವು ಮುಂದೆ ನಡೀರಿ."

"ಸುಸ್ತಾಯ್ತಾ?" ಮಾವ ಜೇಬಿನಿಂದ ಅಪ್ಪಚ್ಚಿಯಾದ ಬಾಳೆಹಣ್ಣು ತೆಗೆದುಕೊಟ್ಟರು. "ತಿನ್ನಿ. ಈ ಕಾಲದ ಮೈಗಳೇ ಹೀಗೆ, ಮೇಲೆ ಥಳಕು, ಒಳಗೆ ಪುಸ್ಸು."

ಅಳಿಯ ಬಾಳೆಹಣ್ಣಿನ ಜೊತೆ ಅವಮಾನವನ್ನೂ ನುಂಗಿದ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. "ಬಿಚ್ಚಿದ್ರಾ?" ಎಂದಳು ಹೆಂಡತಿ. "ಇನ್ನೂ ಇಲ್ಲ" ಎಂದ. "ಏನು ಕಾಯ್ತಾ ಇದೀರಾ, ಮುಹೂರ್ತಾನಾ?" ಎಂದು ಆಕೆ ಕುಕ್ಕಿ ಇಟ್ಟಳು.

ಮುಹೂರ್ತ ಬಂದದ್ದು ತೊರೆಯ ಹತ್ತಿರ. ಆಚೆ ದಡದಲ್ಲಿ ಕೊನೆಯ ಚೆಕ್‌ಪಾಯಿಂಟಿನ ಹಳದಿ ಫಲಕವಿತ್ತು. ಅದರ ಕೆಳಗೆ ಕುರ್ಚಿ ಹಾಕಿಕೊಂಡು ಕ್ಲಬ್ಬಿನ ಹಿರಿಯ ಹೆಂಗಸೊಬ್ಬರು ಕೂತಿದ್ದರು. ಎಲ್ಲರೂ ಅವರನ್ನು ಗಡಿಯಾರದಮ್ಮ ಎನ್ನುತ್ತಿದ್ದರು. ಒಂದು ನಿಮಿಷ ಹೆಚ್ಚಾದರೂ ಹೆತ್ತ ಮಗನನ್ನೂ ಒಳಗೆ ಬಿಡದ ಪೈಕಿ. ಮಾವ ಸೀದಾ ನೀರಿಗೆ ನುಗ್ಗಿದರು. ನಡುನೀರಿನಲ್ಲಿ ಗಾಡಿ ಒಮ್ಮೆ ಗೊರಗೊರ ಎಂದು ಸುಮ್ಮನಾಯಿತು.

"ಸಮಯ ಮುಗೀತಾ ಬಂತು!" ಗಡಿಯಾರದಮ್ಮ ಕೂಗಿದರು. "ಏನಪ್ಪಾ ಕಿತ್ತಲೆ ಅಂಗಿ, ವ್ಯಾನ್ ಕರೆಸಲಾ?"

ಹೂಂ ಎಂದರೆ ಸಾಕಿತ್ತು. ಮನೆಗೆ ನೆಮ್ಮದಿ, ಹೆಂಡತಿಗೆ ನಿದ್ದೆ, ಕಾಫಿ ಅಂಗಡಿಗೆ ಶೋಭೆ. ಅಳಿಯ ಮಾವನ ಕಡೆ ನೋಡಿದ. ಮೊಣಕಾಲುದ್ದ ನೀರಿನಲ್ಲಿ, ಬೂಟಿನ ತುಂಬ ತೊರೆ ತುಂಬಿಕೊಂಡು, ಮೂಗಿನ ಮೇಲೆ ಕೆಸರು ಬಳಿದುಕೊಂಡು ಅವರು ಬಿದ್ದು ಬಿದ್ದು ನಗುತ್ತಿದ್ದರು. ಮನೆಯಲ್ಲಿ ಟಿವಿ ಎದುರು ಯಾರೋ ಬಿಟ್ಟುಹೋದ ಪೆಟ್ಟಿಗೆಯ ಹಾಗೆ ಕೂತಿರುತ್ತಿದ್ದ ಮನುಷ್ಯ ಇವರೇನಾ? ಮದುವೆಯಾದಾಗಿನಿಂದ ಅವರು ಹೀಗೆ ನಕ್ಕದ್ದನ್ನು ಅಳಿಯ ನೋಡಿರಲಿಲ್ಲ. ಆ ಮುದುಕರ ಮೇಲೆ ಅವನಿಗೆ ತುಂಬ ಪ್ರೀತಿ ಬಂತು. ಜೊತೆಗೆ, ಸಂಜೆ ಹೆಂಡತಿಗೆ ಏನು ಹೇಳುವುದೆಂಬ ಭಯವೂ ಬಂತು.

"ಬೇಡಮ್ಮಾ!" ಎಂದು ಕೂಗಿ, ತನ್ನ ಗಾಡಿ ನಿಲ್ಲಿಸಿ, ನೀರಿಗಿಳಿದು ಮಾವನ ಗಾಡಿಗೆ ಹಿಂದಿನಿಂದ ಹೆಗಲು ಕೊಟ್ಟ.

"ಎದುರಾಳೀನ ತಳ್ಳೋದು ನಿಯಮದಲ್ಲಿ ಇದೆಯಾ ಅಳಿಯಂದ್ರೆ?"

"ಇದೆ ಮಾವ. ನೀವು ಸುಮ್ನೆ ಗೇರ್ ಹಾಕಿ!"

ದಡ ಹತ್ತುವಾಗ ಎಂಜಿನ್ ಇದ್ದಕ್ಕಿದ್ದಂತೆ ಎಚ್ಚೆತ್ತಿತು. ಹಿಂದಿನ ಚಕ್ರ ಗಿರ್ರನೆ ತಿರುಗಿ ದಡದ ಕೆಸರನ್ನೆಲ್ಲ ಅಳಿಯನ ಮೈಮೇಲೆ ಸುರಿಯಿತು. ಗಡಿಯಾರದಮ್ಮ ಗಡಿಯಾರ ನೋಡಿದರು, ಕೆಸರಿನ ಮುದ್ದೆಯಾಗಿ ನಿಂತ ಅಳಿಯನನ್ನು ನೋಡಿದರು. "ಕೂದಲೆಳೆಯಷ್ಟರಲ್ಲಿ ಉಳಿದ್ರಿ, ಹೋಗಿ" ಎಂದರು.

ಕ್ವಾರಿಯ ಬಯಲಿಗೆ ಬಂದಾಗ ಉಳಿದವರು ಬಟ್ಟೆ ಬದಲಿಸಿ ಚಹಾ ಕುಡಿಯುತ್ತಿದ್ದರು. ಮುಕ್ತಾಯದ ಗೆರೆಯ ಪಕ್ಕದಲ್ಲಿ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಅವಳ ಬದಿಯಲ್ಲಿ ಕಾಫಿ ಅಂಗಡಿಯವನು ಅಳತೆಯ ಟೇಪು ಹಿಡಿದಿದ್ದ. ಮಾವ ಗೆರೆ ದಾಟಿದರು. ಅವರ ಹಿಂದೆ ಅಳಿಯ ದಾಟಿದ.

"ಲೆಕ್ಕ ಹಾಕಮ್ಮ," ಎಂದರು ಮಾವ ಹೆಲ್ಮೆಟ್ ತೆಗೆಯುತ್ತಾ. "ನನ್ನ ಹಿಂದೆ ಒಬ್ಬರಿದಾರೆ."

ಮಗಳು ಗಂಡನ ಕಡೆ ತಿರುಗಿದಳು. "ನೀವೇ ಹೇಳಿ. ಕೊನೆಗೆ ಬಂದಿದ್ದು ಯಾರು?"

ಅಳಿಯ ಅಡಕತ್ತರಿಯಲ್ಲಿ ಸಿಕ್ಕಿಕೊಂಡ. ಕಾಫಿ ಅಂಗಡಿಯವನು ಆಗಲೇ ಹ್ಯಾಂಡಲ್ಲಿನ ಅಗಲ ಅಳೆಯುತ್ತಿದ್ದ. ಮಾವ ಪೆಟ್ರೋಲ್ ಟ್ಯಾಂಕಿನ ಮೇಲೆ ಅಂಗೈ ಇಟ್ಟುಕೊಂಡಿದ್ದರು.

"ನಾನೇ," ಎಂದ ಅಳಿಯ. "ಕೊನೆಗೆ ಬಂದಿದ್ದು ನಾನು."

ಹೆಂಡತಿಯ ನೋಟಕ್ಕೆ ಮೈಮೇಲಿನ ಹಸಿ ಕೆಸರು ಒಣಗಬೇಕಿತ್ತು. ಆಕೆ ಬಾಯಿ ತೆರೆಯುವಷ್ಟರಲ್ಲಿ ಕಾರ್ಯದರ್ಶಿ ಕಿತ್ತಲೆ ಅಂಗಿ ವಾಪಸ್ ಇಸಿದುಕೊಳ್ಳಲು ಬಂದರು. "ಭೇಷ್! ನಿಮ್ಮ ಮಾವ ಹೇಳಿದ್ದು ಸರಿಯಾಯ್ತು ನೋಡಿ. ಬಾಲಕ್ಕೆ ನಮ್ಮ ಅಳಿಯನೇ ಬೇಕು, ಇಲ್ಲದಿದ್ರೆ ನಾನು ಬರೋದೇ ಇಲ್ಲ ಅಂತ ಪಟ್ಟು ಹಿಡಿದು ಕೂತುಬಿಟ್ಟಿದ್ರು."

ಮಾವ ಒಮ್ಮೆಲೇ ಬಗ್ಗಿ ಚೈನಿನಲ್ಲಿ ಏನನ್ನೋ ಹುಡುಕತೊಡಗಿದರು.

"ಮಾವ," ಎಂದ ಅಳಿಯ. "ನಿಮಗೆ ಮೊದಲಿಂದ್ಲೂ ಗೊತ್ತಿತ್ತಾ? ಮತ್ತೆ ದಾರಿಯುದ್ದಕ್ಕೂ ನನಗೆ ಅಡ್ಡ ಹಾಕಿದ್ದು? ಬಾಳೆಹಣ್ಣು?"

"ಹಿಂದೆ ಯಾರೂ ಅಟ್ಟಿಸಿಕೊಂಡು ಬರದಿದ್ರೆ ಅದು ರೇಸ್ ಅನ್ಸುತ್ತಾ ಅಳಿಯಂದ್ರೆ?" ಮಾವ ಚೈನು ಬಿಟ್ಟು ಎದ್ದು ನಿಂತರು. "ಬೇರೆ ಯಾರಾಗಿದ್ರೂ ಆ ತೊರೇಲೇ ನನ್ನ ಹಲಗೆ ಬಿಚ್ಚಿಬಿಡ್ತಿದ್ರು. ನೀವು ಬಿಚ್ಚಲ್ಲ ಅಂತ ನನಗೆ ಗೊತ್ತಿತ್ತು."

ಅಳಿಯ ಕಣ್ಣೊರೆಸಿಕೊಂಡ. ಕೆಸರು ಎಂದು ಎಲ್ಲರೂ ತಿಳಿಯಲಿ ಎಂಬುದೇ ಅವನ ಆಸೆ.

ಮಗಳು ಅಪ್ಪನನ್ನೂ ಗಂಡನನ್ನೂ ನೋಡಿದಳು. ಇಬ್ಬರೂ ಬೈಸಿಕೊಳ್ಳಲು ಸಿದ್ಧರಾಗಿ ಒಂದೇ ಭಂಗಿಯಲ್ಲಿ ನಿಂತಿದ್ದರು. ಆಕೆ ಕಾಫಿ ಅಂಗಡಿಯವನ ಕಡೆ ತಿರುಗಿ, "ನಿಮ್ಮ ಗೋಡೆಗೆ ಒಂದು ಕನ್ನಡಿ ಹಾಕಿಸಿಕೊಳ್ಳಿ," ಎಂದಳು. ಅವನು ಮುಖ ಹುಳ್ಳಗೆ ಮಾಡಿಕೊಂಡು ಟೇಪು ಮಡಚಿದ. ಮಾವನ ಮುಖ ಊರಗಲವಾಯಿತು.

ಆಕೆ ಗಂಡನ ಮೈಮೇಲಿಂದ ಕಿತ್ತಲೆ ಅಂಗಿ ಬಿಚ್ಚಿಸಿ, ಕೆಸರು ಕೊಡವಿ, ತನ್ನ ಭುಜಕ್ಕೆ ಹಿಡಿದು ಅಳತೆ ನೋಡಿಕೊಂಡಳು.

"ಮುಂದಿನ ವರ್ಷ ಬಾಲ ನಾನು," ಎಂದಳು ಕಾರ್ಯದರ್ಶಿಗೆ. "ನನಗೆ ಬೈಕ್ ಓಡಿಸೋದು ಕಲಿಸಿದ್ದೇ ನಮ್ಮಪ್ಪ. ಚೆನ್ನಾಗೇ ಕಲಿಸಿದಾನೆ."

ತೊರೆಗೆ ಹೆದರದ ಮಾವ ಆಗ ಹೆದರಿದರು. ಬೂಟಿನ ನೀರು ಚೆಲ್ಲಿ, ಅಳಿಯನನ್ನು ಪಕ್ಕಕ್ಕೆ ಕರೆದು, ಪಿಸುದನಿಯಲ್ಲಿ ಕೇಳಿದರು. "ಅಳಿಯಂದ್ರೆ, ನಿಮ್ಮ ಮಿಕ್ಸಿ ಎಷ್ಟು ಜೋರಾಗಿ ಓಡುತ್ತೆ?"