ಎರಡು ಮನೆಯ ಗುಳಿಗೆ

ಶಿವಕಾಂತಾ ಗುಳಿಗೆಯ ಡಬ್ಬಿಯನ್ನು ಬೋರಲು ಹಾಕಿದಳು. ಸ್ಟ್ರಿಪ್ಪುಗಳು, ಡಾಕ್ಟರ ಚೀಟಿಗಳು ಚಾಪೆಯ ಮೇಲೆ, ತಾಯಿಯ ಹೆಣದ ಕಾಲ ಬಳಿ ಚೆಲ್ಲಾಡಿದವು.

“ಹೇಳು ಮಾಧುರಿ, ನಿನ್ನೆ ಮುಂಜಾನಿ ಅವ್ವಗ ಎಷ್ಟು ಕೊಟ್ಟಿ? ಎಲ್ಲಾರ ಮುಂದ ಹೇಳು. ಹೇಳೂತನಕಾ ನಮ್ಮವ್ವನ್ನ ಎತ್ತಗೊಡೂದಿಲ್ಲ.”

ಬಿಬವೇವಾಡಿಯ ಆ ಎರಡು ಕೋಣೆಯ ಮನೆಯಲ್ಲಿ ಕೂತವರೆಲ್ಲ ಮಾಧುರಿಯತ್ತ ತಿರುಗಿದರು. ತೀರಿಕೊಂಡ ಪಾರವ್ವನ ತಮ್ಮ ಹೊಳಬಸಪ್ಪ ಸೊಲ್ಲಾಪುರದಿಂದ ಬಂದು ಇನ್ನೂ ಕಾಲು ತೊಳೆದಿರಲಿಲ್ಲ. ಅಷ್ಟರಲ್ಲೇ ನ್ಯಾಯ ಹೇಳಲು ಕುರ್ಚಿ ಹಿಡಿದಿದ್ದ. ಮಗ ಶಿವಪ್ರಕಾಶ ಅಕ್ಕನ ಪರವೂ ಅಲ್ಲ, ಹೆಂಡತಿ ಮಾಧುರಿಯ ಪರವೂ ಅಲ್ಲ ಎಂಬಂತೆ ಫ್ಯಾನು ನೋಡುತ್ತಿದ್ದ. ಇಂಥ ಗಂಡಸರಿಗೆ ನೋಡಲು ಒಂದು ಫ್ಯಾನು ಯಾವಾಗಲೂ ಸಿಗುತ್ತದೆ.

“ದಿನಾ ಕೊಟ್ಟಷ್ಟ ಕೊಟ್ಟೇನ್ರಿ ಅಕ್ಕಾರ,” ಎಂದಳು ಮಾಧುರಿ. “ಥೈರಾಯ್ಡದ್ದು ಒಂದು, ಸಕ್ಕರಿದು ಒಂದು, ಬಿಪಿದು ಒಂದು, ರಕ್ತ ತೆಳ್ಳಗ ಮಾಡೂದು ಒಂದು.”

“ಹಂಗಾರ ಶುಗರ್ ಇಪ್ಪತ್ತೆಂಟಕ್ಕ ಹೆಂಗ ಇಳೀತು? ದವಾಖಾನ್ಯಾಗ ಸುಳ್ಳ ಹೇಳಿದ್ರೇನು? ಜಗಳ ಆಡಿ ಸಿಟ್ಟಿನಾಗ ಎರಡ ಸಲ ಕೊಟ್ಟಿ. ಕೊಂದಿ ನಮ್ಮವ್ವನ್ನ!”

ನಿನ್ನೆಯಿಂದ ಮಾಧುರಿಯೂ ತನ್ನನ್ನು ಅದನ್ನೇ ಕೇಳಿಕೊಳ್ಳುತ್ತಿದ್ದಳು. ಚಹಾಕ್ಕೆ ಸಕ್ಕರೆ ಹಾಕಲಿಲ್ಲವೆಂದು ಅತ್ತೆ ರೊಟ್ಟಿ ಅರ್ಧಕ್ಕೇ ಬಿಟ್ಟಿದ್ದಳು. ಇವಳೂ ಬಾಯಿಗೆ ಬಂದದ್ದು ಅಂದಿದ್ದಳು. ಆ ಸಿಟ್ಟಿನಲ್ಲಿ ಕೈ ಏನು ಮಾಡಿತೋ, ಸರಿಯಾಗಿ ನೆನಪಾಗುತ್ತಿರಲಿಲ್ಲ.

*

ಅತ್ತೆ ಸೊಸೆಗೆ ಎಂದೂ ಹೊಂದಿಬಂದದ್ದಿಲ್ಲ. ಪಾರವ್ವ ಲಿಂಗಪೂಜೆ ಆಗದೆ ಹನಿ ನೀರು ಬಾಯಿಗೆ ಹಾಕುವವಳಲ್ಲ. ಥೈರಾಯ್ಡ್ ಗುಳಿಗೆಯೋ ಖಾಲಿ ಹೊಟ್ಟೆಗೆ, ಚಹಾಕ್ಕೆ ಮುಂಚೆ ಆಗಬೇಕು. ಹಾಗಾಗಿ ಮಾಧುರಿ ನಾಲ್ಕು ವರ್ಷದಿಂದ ಬೆಳಗಿನ ಐದಕ್ಕೇ ಎದ್ದು ಅತ್ತೆಯ ಸ್ನಾನಕ್ಕೆ ನೀರು ಕಾಯಿಸುತ್ತಿದ್ದಳು. ಓದು ಬಾರದ ಮುದುಕಿಗೆ ತಿಳಿಯಲೆಂದು ಪುಡಿಕೆಗಳ ಮೇಲೆ ಸೂರ್ಯ, ಚಂದ್ರ, ರೊಟ್ಟಿಯ ಚಿತ್ರ ಬರೆದಿದ್ದಳು. ಪ್ರೀತಿಯಿಂದಲ್ಲ, ತನ್ನ ಮೇಲೆ ಮಾತು ಬರಬಾರದೆಂದು.

“ನೀ ನನಗ ಕೂಳು ಹಾಕೂದಿಲ್ಲ, ಗುಳಿಗಿ ಹಾಕ್ತಿ,” ಎನ್ನುತ್ತಿದ್ದಳು ಪಾರವ್ವ.

“ಹಂಗಾರ ಮಗಳ ಮನಿಗೆ ಹೋಗ್ರಿ.”

ಹೋಗುತ್ತಿದ್ದಳು. ಹದಿನೈದು ದಿನ ಹಡಪಸರದಲ್ಲಿ ಮಗಳ ಹತ್ತಿರ, ಹದಿನೈದು ದಿನ ಇಲ್ಲಿ. ಈ ಸಲ ಹಡಪಸರದಿಂದ ಹೊರಡುವ ಹಿಂದಿನ ದಿನ ಶಿವಕಾಂತಾ ತಾಯಿಯನ್ನು ತನಗೆ ಗುರುತಿನ ಡಾಕ್ಟರಿಗೆ ತೋರಿಸಿದಳು. ಹಳೆಯ ಚೀಟಿ ಒಯ್ಯಲಿಲ್ಲ. ಅದು ಮಾಧುರಿಯ ಬಳಿ ಇತ್ತು, ಅವಳನ್ನು ಕೇಳುವುದು ಅವಮಾನ.

“ಅಕಿ ಕೊಡೂವು ಕೆಲಸಕ್ಕ ಬರೂದಿಲ್ಲವ್ವಾ. ಸಕ್ಕರಿಗೆ ಇವನ್ನ ತಗೋ. ಅಕಿಗೆ ಹೇಳಬ್ಯಾಡ, ಮತ್ತ ರಾಮಾಯಣ ಆಗ್ತದ.”

ಪಾರವ್ವ ಜೀವಮಾನವೆಲ್ಲ ನೆಂಟರಿಷ್ಟರ ನಡುವೆ ಬದುಕಿದವಳು. ಒಂದು ಮನೆಯಲ್ಲಿ ಉಂಡು ಇನ್ನೊಂದು ಮನೆಯಲ್ಲಿ ಒಲ್ಲೆನೆಂದರೆ ಏನಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಎರಡೂ ಕಡೆ ಎರಡೆರಡು ತುತ್ತಾದರೂ ಉಣ್ಣಬೇಕು. ಗುಳಿಗೆಗೂ ಅದೇ ನೇಮ ಹಚ್ಚಿದಳು. ಸೊಸೆಯದನ್ನು ಸೊಸೆಯ ಎದುರು ನುಂಗಿದಳು, ಮಗಳದನ್ನು ಬಚ್ಚಲ ಬಾಗಿಲು ಹಾಕಿಕೊಂಡು. ಹೀಗೆ ಐದು ದಿನ ನಡೆಯಿತು.

*

“ಮೊದಲ ಮೈ ತೊಳೀರಿ. ಜಗಳ ಆಮ್ಯಾಲೆ,” ಎಂದು ಹೊಳಬಸಪ್ಪ ಗದರಿದ.

ಒಳಗೆ ಒಯ್ದು ಸೀರೆ ಸಡಿಲಿಸುವಾಗ ಪಾರವ್ವನ ಸೊಂಟದಿಂದ ಎಲೆಅಡಿಕೆಯ ಚಂಚಿ ಜಾರಿತು. ಅದರಲ್ಲಿ ಐದು ಗುಳಿಗೆ ಖಾಲಿಯಾದ ಒಂದು ಸ್ಟ್ರಿಪ್ಪಿತ್ತು. ಅದನ್ನು ಮೊದಲು ಗುರುತಿಸಿದವಳು ಶಿವಕಾಂತಾ. ಮುಚ್ಚಿಡಲು ಕೈ ಚಾಚಿದಳು. ಮಾಧುರಿ ಕಸಿದುಕೊಂಡಳು.

ಬಾಗಿಲಲ್ಲಿ ಹೂಮಾಲೆ ಹಿಡಿದು ನಿಂತಿದ್ದ ಮೆಡಿಕಲ್ ಅಂಗಡಿಯ ರಿತೇಶನನ್ನು ಅಡುಗೆಮನೆಗೆ ಕರೆದು ಚಂಚಿಯದು, ತನ್ನ ಡಬ್ಬಿಯದು ಎರಡೂ ಸ್ಟ್ರಿಪ್ಪು ತೋರಿಸಿದಳು. ಅವನು ಹಿಂದೆ ಮುಂದೆ ತಿರುವಿ ನೋಡಿದ.

“ದೋನ್ಹೀ ಏಕಚ್ ಆಹೇ, ಕಾಕೂ.” ಹೆಸರು ಬೇರೆ, ಕಂಪನಿ ಬೇರೆ, ಔಷಧ ಒಂದೇ ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿದ. ಎರಡೂ ತಗೊಂಡು ಊಟ ಬಿಟ್ಟರೆ ವಯಸ್ಸಾದವರು ಉಳಿಯುವುದು ಕಷ್ಟ.

ಮಾಧುರಿಗೆ ಮೊದಲು ಬಂದದ್ದು ಅಳುವಲ್ಲ, ಸಂತೋಷ. ನಾನಲ್ಲ! ಅದರ ಬೆನ್ನಿಗೇ ಮೈಯೆಲ್ಲ ಉರಿಯಿತು.

“ಅವ್ವಗ ಚಲೋ ಆಗ್ಲಿ ಅಂತ ಕೊಟ್ಟಿದ್ದೆ,” ಹಿಂದೆಯೇ ಬಂದಿದ್ದ ಶಿವಕಾಂತಾ ಪಿಸುಗುಟ್ಟಿದಳು. “ಹೊರಗ ಹೇಳಬ್ಯಾಡ ಮಾಧುರಿ, ನಿನ್ನ ಕಾಲ ಬೀಳ್ತೀನಿ.”

“ಹೇಳ್ತೀನ್ರಿ. ಎಲ್ಲಾರ ಮುಂದ ಕೇಳಿದ್ರೆಲ್ಲ, ಎಲ್ಲಾರ ಮುಂದನ ಹೇಳ್ತೀನಿ.”

ಪಾರವ್ವನನ್ನು ಮೀಯಿಸಿ, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡಿಸಿದರು. ಹೊಳಬಸಪ್ಪ ಗಂಟಲು ಸರಿಮಾಡಿಕೊಂಡ. “ಏನವಾ, ತಪ್ಪು ಒಪ್ಗೋತಿಯೇನು?”

ಮಾಧುರಿ ಬಾಯಿ ತೆರೆದಳು. ಹೆಸರು ನಾಲಿಗೆಯ ತುದಿಯಲ್ಲಿತ್ತು. ಎದುರಿಗೆ ಅತ್ತೆ ಕೂತಿದ್ದಳು, ಬಾಯಿ ಬಿಗಿದುಕೊಂಡು.

“ಅತ್ತ್ಯಾರ ತಿಳೀಲಾರದ ಎರಡ ಸಲ ತಗೊಂಡಾರ್ರಿ ಮಾವಾರ. ಗುಳಿಗಿ ಅವರ ಚಂಚ್ಯಾಗ ಸಿಕ್ಕಾವು.”

“ಅದನ್ನ ನೋಡ್ಕೊಳ್ಳಾಕ ಅಲ್ಲೇನು ನೀ ಇದ್ದದ್ದು?” ಎಂದ ಹೊಳಬಸಪ್ಪ. ಮಂದಿ ತಲೆಯಾಡಿಸಿದರು.

ಹೆಣ ಎತ್ತುವ ಗದ್ದಲದಲ್ಲಿ ಮಾಧುರಿ ನಾದಿನಿಯ ಕಿವಿಯ ಹತ್ತಿರ ಬಂದಳು. “ನಿಮ್ಮ ಮ್ಯಾಲಿನ ಕನಿಕರಕ್ಕಲ್ರಿ. ಜೀವ ಹೋಗೂ ಹೊತ್ತಿನಾಗೂ ಅವ್ರು ನಿಮ್ಮ ಹೆಸರು ಹೇಳಲಿಲ್ಲ. ಅದಕ್ಕ. ನಾಳಿಂದ ನನ್ನ ಮನಿ ಮೆಟ್ಟಲ ಹತ್ತಬ್ಯಾಡ್ರಿ.”

ರುದ್ರಭೂಮಿಯಲ್ಲಿ ಸ್ವಾಮಿಗಳ ಮಂತ್ರ ಮುಗಿದು ಮಣ್ಣು ಕೊಡುವ ಹೊತ್ತು ಬಂತು. ಶಿವಕಾಂತಾ ಹಿಡಿ ಮಣ್ಣು ತುಂಬಿಕೊಂಡು ಕುಣಿಯ ಅಂಚಿನಲ್ಲಿ ನಿಂತಳು. ಮುಷ್ಟಿ ಬಿಚ್ಚಲಿಲ್ಲ. “ಹಾಕವಾ, ತಡ ಆತು,” ಎಂದರು ಯಾರೋ. ಹಿಂದೆ ನಿಂತಿದ್ದ ಮಾಧುರಿ ಮುಂದೆ ಬಂದು ಅವಳ ಮಣಿಕಟ್ಟು ಹಿಡಿದಳು. ಉಗುರು ಊರುವಷ್ಟು ಬಿಗಿಯಾಗಿ ಹಿಡಿದು, ಮುಖ ನೋಡದೆ, ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.