ಮೌಲಾ ಸಾಬರ ಮಗಳ ಯಂತ್ರ

ಕೂತಲ್ಲಿ ಕೂರೋಳಲ್ಲ ನಾನು. ಆವತ್ತಂತೂ ಗುತ್ತೂರಿನ ಗೋಡೌನಿನಲ್ಲಿ ಕಾಲಿಗೆ ಚಕ್ರ ಕಟ್ಟಿಕೊಂಡಂಗೆ ತಿರುಗ್ತಿದ್ದೆ. ಮೂರು ಗಂಟೆಗೆ ನಮ್ಮ ಕಂಪನಿಗೆ ದುಡ್ಡು ಹಾಕಿರೋ ಬೆಂಗಳೂರಿನವರ ಜೊತೆ ವಿಡಿಯೋ ಮೀಟಿಂಗು. ಹದಿನಾರು ವರ್ಷ ಕೋಡ್ ಬರೆದು, ಟೀಮ್ ಕಟ್ಟಿ, "ನಿಖತ್ ಮೇಡಂ ಬಾಳ ಜೋರು" ಅನ್ನಿಸ್ಕೊಂಡಿದ್ದಾಯ್ತು. ಕಂಪನಿಯ ತಂತ್ರಜ್ಞಾನ ವಿಭಾಗಕ್ಕೆ ನನ್ನನ್ನ ಮುಖ್ಯಸ್ಥೆ ಮಾಡ್ತಾರೋ ಇಲ್ವೋ ಅನ್ನೋದು ಇವತ್ತೇ ತೀರ್ಮಾನ.

ನಮ್ಮ ಕಂಪನಿ ದಾವಣಗೆರೆಯ ಭಟ್ಟಿಗಳಿಂದ ಮಂಡಕ್ಕಿ ಕೊಂಡು ಊರೂರಿಗೆ ಕಳಿಸ್ತದೆ. ಚೀಲ ತೂಗಿ ಪರೀಕ್ಷೆ ಮಾಡೋ ಯಂತ್ರ ನನ್ನದು. ಒಂದೇ ಅಳತೆಯ ಚೀಲ. ಭಾರ ಇದ್ರೆ ಹಸಿರು ದೀಪ, ಹಗುರ ಇದ್ರೆ ಕಡಿಮೆ ತುಂಬಿದಾರೆ ಅಂತ ಕೆಂಪು, ಚೀಲ ವಾಪಸ್. ಮೊದಲ ತಿಂಗಳು ಅರ್ಧಕ್ಕರ್ಧ ಕೆಂಪು. ಮೂರನೇ ತಿಂಗಳು ನೂರಕ್ಕೆ ನಾಲ್ಕು! "ಭಟ್ಟಿಯವರು ಸುಧಾರಿಸಿದ್ರು" ಅಂತ ಸ್ಲೈಡಿನಲ್ಲಿ ದಪ್ಪಗೆ ಬರೆದಿದ್ದೆ. ಮಾಲು ಸರಿ ಇಲ್ಲ ಅಂತ ಅಂಗಡಿಗಳಿಂದ ಬಂದ ದೂರನ್ನೆಲ್ಲ ಲಾರಿಯವರ ತಲೆಗೆ ಕಟ್ಟಿದ್ದೆ.

ಹನ್ನೆರಡಕ್ಕೆ ಅಬ್ಬಾ ಬಂದ್ರು. ನಲವತ್ತು ವರ್ಷದಿಂದ ಮಂಡಕ್ಕಿ ಹುರಿಯೋ ಮೌಲಾ ಸಾಬ್ ನಮ್ಮಪ್ಪ. ಅವರ ಚೀಲಗಳಿಗೆಲ್ಲ ಹಸಿರು ದೀಪ. ಖುಷಿಗೆ ಒಂದು ಹಿಡಿ ಬಾಯಿಗೆ ಹಾಕ್ಕೊಂಡೆ.

ಥೂ! ಮೆತ್ತಗೆ, ರಬ್ಬರ್ ಅಗಿದಂಗೆ.

"ಏನ್ ಅಬ್ಬಾ ಇದು? ಥಂಡಿ ಹಿಡಿದೈತಲ್ಲ!"

"ಗರಿಗರಿ ತಂದಾಗೆಲ್ಲ ನಿನ್ನ ಯಂತ್ರ ಕೆಂಪು ತೋರಿಸ್ತು ಬೇಟಿ. ಈಗ ಚೀಲದ ಬಾಯಿ ಬಿಚ್ಚಿ ಬಚ್ಚಲ ಪಕ್ಕ ಇಡ್ತೀನಿ. ಥಂಡಿ ಕುಡಿದು ತೂಕ ಬರ್ತೈತೆ. ಎಲ್ರೂ ಹಂಗೇ ಮಾಡೋದು."

ಮಂಡಕ್ಕಿ ಅರಳಿದಷ್ಟೂ ಹಗುರ. ಅದಕ್ಕೇ ನಮ್ಮ ಪೇಟೇಲಿ ಅದನ್ನ ತೂಗಲ್ಲ, ಸೇರಿನಲ್ಲಿ ಅಳೀತಾರೆ. ಭಟ್ಟಿ ಹೊಗೆಯಲ್ಲಿ ಬೆಳೆದ ನಾನು ಎಸಿ ರೂಮಿನಲ್ಲಿ ಕೂತು ಅದನ್ನೇ ಮರೆತಿದ್ದೆ. ಈ ತಪ್ಪು ಬೇರೆ ಯಾರಾದ್ರೂ ಮಾಡಿದ್ರೆ ಅವರ ಜನ್ಮ ಜಾಲಾಡ್ತಿದ್ದೆ.

"ನಂಗ್ಯಾಕ ಹೇಳ್ಲಿಲ್ಲ?"

"ಊರೆಲ್ಲ ಮೌಲಾ ಸಾಬರ ಮಗಳ ಯಂತ್ರ ಅಂತೈತೆ. ಅದು ತಪ್ಪು ಅಂತ ನಾನೇ ಹೆಂಗೆ ಹೇಳ್ಲಿ? ವಯಸ್ಸಾಯ್ತು, ನಂಗೇ ಹುರಿಯೋಕೆ ಬರ್ತಿಲ್ಲ ಅನ್ಕೊಂಡೆ."

ಕಂಪನಿ ನಡೆಸೋ ಪ್ರಶಾಂತನಿಗೆ ಫೋನ್ ಮಾಡಿ ವಿಷಯ ಹೇಳಿದೆ. "ಅಯ್ಯೋ, ಇವತ್ತು ಬ್ಯಾಡ ಮಾರಾಯ್ತಿ. ಮೀಟಿಂಗ್ ಮುಗೀಲಿ, ಆಮೇಲೆ ಸದ್ದಿಲ್ಲದೆ ಸರಿ ಮಾಡು" ಅಂದ. ಸುಳ್ಳು ಯಾಕೆ ಹೇಳ್ಲಿ, ಆಸೆ ಆಯ್ತು. ಹದಿನಾರು ವರ್ಷ ರೀ! ಗೋಡೌನಿನ ಆ ತುದಿಯಿಂದ ಈ ತುದಿಗೆ ಎಷ್ಟು ಸಲ ನಡೆದೆನೋ ಲೆಕ್ಕ ಇಲ್ಲ. ಅಬ್ಬಾ ಮಾತ್ರ ಚೀಲಕ್ಕೆ ಒರಗಿ ಕೂತು, ತಮ್ಮ ಅಂಗೈಗಳನ್ನೇ ನೋಡ್ಕೊಳ್ತಿದ್ರು.

ಮೂರಕ್ಕೆ ಪರದೆ ಮೇಲೆ ಎಂಟು ಮುಖ ಮೂಡಿದವು. ಸ್ಲೈಡ್ ತೆಗೀಲೇ ಇಲ್ಲ. "ಈ ಯಂತ್ರ ತಪ್ಪು. ಇದರ ಕೋಡ್ ಬರೆದೋಳು ನಾನು. ಒಳ್ಳೇ ಮಂಡಕ್ಕಿ ವಾಪಸ್ ಕಳಿಸಿ, ಕೆಟ್ಟದ್ದನ್ನ ಕೊಂಡ್ಕೊಂಡಿದೀವಿ. ಇವತ್ತೇ ನಿಲ್ಲಿಸ್ತೀನಿ" ಅಂದೆ. ಕೊನೆಗೆ ಒಬ್ಬರು, ಹುದ್ದೆ ವಿಚಾರ ಈ ವರ್ಷ ಬೇಡ ಅಂದ್ರು. ಲ್ಯಾಪ್‌ಟಾಪ್ ಮುಚ್ಚಿ ಗಳಗಳ ಅತ್ತೆ.

ಅಬ್ಬಾ ಬೈತಾರೆ ಅನ್ಕೊಂಡಿದ್ದೆ. ಹತ್ರ ಬಂದು ತಲೆ ಮೇಲೆ ಕೈಯಿಟ್ರು.

"ಹಂಗಾದ್ರೆ ನನ್ನ ಮಂಡಕ್ಕಿ ಚೆನ್ನಾಗಿತ್ತಾ?"

"ಚೆನ್ನಾಗಿತ್ತು ಅಬ್ಬಾ."

"ಇನ್ನೊಂದ್ ಸಲ ಹೇಳು" ಅಂದ್ರು.