ಕೊನೆಯ ಹದಿನಾರು ಪುಟ

ನಮ್ಮ ಮನೆ ಮಂದಿಗೆ ಪುಸ್ತಕ ಓದಿಸುವುದಕ್ಕಿಂತ ಬೆಕ್ಕಿಗೆ ಸ್ನಾನ ಮಾಡಿಸುವುದು ಸುಲಭ. ನಾನು ಕೆಲಸ ಮಾಡುವುದು ಪುಸ್ತಕದ ಬೈಂಡಿಂಗ್ ಕಾರ್ಖಾನೆಯಲ್ಲಿ. ಕೆಟ್ಟ ಪ್ರತಿಗಳನ್ನು ಮನೆಗೆ ಒಯ್ಯಲು ನಮಗೆ ಬಿಡುತ್ತಾರೆ. ಅಲ್ಲಿಗೆ ಬಂದಿದ್ದ ಒಂದು ಯುದ್ಧದ ಕಾದಂಬರಿಯನ್ನು ಊಟದ ಬಿಡುವುಗಳಲ್ಲಿ ಓದಿ ಮುಗಿಸಿದ ದಿನ ಊಟದ ಡಬ್ಬಿಯನ್ನು ಹಾಗೇ ಮುಚ್ಚಿಟ್ಟೆ. ಅವತ್ತೇ ಒಂದು ಕೆಟ್ಟ ಪ್ರತಿ ಎತ್ತಿಕೊಂಡು ಬಂದೆ. ಅದರ ರಟ್ಟು ಸೊಟ್ಟಗಿತ್ತು, ಅಷ್ಟೇ ದೋಷ ಅಂದುಕೊಂಡೆ.

“ಯುದ್ಧ ಮನೇಲೇ ನಡೀತಿದೆಯಲ್ಲ, ಪುಸ್ತಕ ಬೇರೆ ಯಾಕೆ?” ಎಂದು ಗಂಡ ಮಗ್ಗುಲು ಬದಲಿಸಿದ.

“ಅಳೋದಕ್ಕೆ ನನಗೆ ಈರುಳ್ಳಿ ಸಾಕಮ್ಮ,” ಎಂದಳು ಅಮ್ಮ.

ಅವರ ಮಾತು ಅತ್ತಲಿರಲಿ. ಓದಲೇಬೇಕಾದವನು ನನ್ನ ತಮ್ಮ. ಗಡಿಯಲ್ಲಿ ಗುಂಡು ಹಾರುತ್ತಿರುವಾಗ, ಕೈಯಲ್ಲಿದ್ದ ಕೆಲಸ ಬಿಟ್ಟು ಸೈನ್ಯಕ್ಕೆ ಸೇರುತ್ತೇನೆಂದು ಹಟ ಹಿಡಿದಿದ್ದ. ನನ್ನ ಮಾತು ಕಿವಿಗೆ ಹಾಕಿಕೊಳ್ಳುವ ಪೈಕಿಯವನಲ್ಲ.

“ಅಬ್ಬಾ, ಎಷ್ಟು ದಪ್ಪ! ಕತೆ ಹೇಳ್ಬಿಡಕ್ಕ.”

“ಹೇಳೋದಲ್ಲ ಕಣೋ, ಓದು!”

ತಟ್ಟೆಯ ಪಕ್ಕ ಇಟ್ಟೆ, ದಿಂಬಿನ ಕೆಳಗಿಟ್ಟೆ. ಸಾಕು ಸಾಕಾಗಿ ಕೊನೆಗೆ ಅವನ ಫೋನ್ ಕಿತ್ತಿಟ್ಟುಕೊಂಡೆ. ಆಗ ಓದಿದ. ಭಾನುವಾರ ಬೆಳಿಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದ. ಗೆದ್ದೆ ಅಂದುಕೊಂಡೆ.

“ಸೂಪರ್ ಅಕ್ಕ! ಅಷ್ಟೆಲ್ಲಾ ಪಾಡು ಪಟ್ಟು ಕೊನೆಗೆ ಆ ಸಿಪಾಯಿ ರೈಲು ಹತ್ತಿ ಮನೆಗೆ ಹೊರಟ ನೋಡು! ನನಗಿದ್ದ ಒಂಚೂರು ಹೆದರಿಕೇನೂ ಹೋಯ್ತು. ನಾಳೆನೇ ಹೋಗಿ ಸೇರ್ತೀನಿ.”

“ಆ ರೈಲು ಊರು ಮುಟ್ಟೋದೇ ಇಲ್ಲ ಕಣೋ! ಅವನು ಸಾಯ್ತಾನೆ!”

“ಸುಮ್ನೆ ಹೆದರಿಸ್ಬೇಡ.”

ಪುಸ್ತಕ ಕಸಿದುಕೊಂಡು ನೋಡಿದೆ. ರೈಲು ಶಿಳ್ಳೆ ಹಾಕಿದಲ್ಲಿಗೆ ಪುಟ ಮುಗಿದಿತ್ತು. ಆಮೇಲೆ ರಟ್ಟು. ಒಂದೇ ಹಾಳೆ ಮಡಚಿ ಮಾಡುವ ಕೊನೆಯ ಹದಿನಾರು ಪುಟದ ಮಡಿಕೆಯನ್ನು ಹೊಲಿದೇ ಇರಲಿಲ್ಲ. ದಿನವಿಡೀ ಪುಸ್ತಕ ಹೊಲಿಯುವ ನನಗೆ, ಕೊಡುವ ಮುಂಚೆ ಒಂದು ಸಲ ಕೊನೆಯ ಪುಟ ತಿರುವಿ ನೋಡಲು ಏನು ದೊಡ್ಡ ರೋಗ ಬಂದಿತ್ತು?

ಮರುದಿನ ಕಾರ್ಖಾನೆಯ ಬಾಗಿಲು ತೆರೆದ ಕೂಡಲೇ, ಉಳಿದುಹೋಗಿದ್ದ ಆ ಹದಿನಾರು ಪುಟದ ಮಡಿಕೆಯೊಂದನ್ನು ಹುಡುಕಿ ಎತ್ತಿಕೊಂಡು ತಮ್ಮ ಹೊರಟು ನಿಂತಿದ್ದ ಬಸ್ ನಿಲ್ದಾಣಕ್ಕೆ ಓಡಿದೆ. ಅವನು ನಿಂತಲ್ಲೇ ಪೂರ್ತಿ ಓದಿದ. ಅವನ ಮುಖ ಬಾಡಿತು. ಕಾಗದವನ್ನು ಬೆರಳಲ್ಲಿ ಸವರಿದ. ಆಮೇಲೆ ನಕ್ಕುಬಿಟ್ಟ.

“ಕಾಗದ, ಅಕ್ಷರ ಎಲ್ಲಾ ಒಂದೇ ತರ! ಈ ಸುಳ್ಳು ಪುಟಗಳನ್ನ ನಿಮ್ಮ ಕಾರ್ಖಾನೇಲೇ ಮಾಡಿಸಿದ್ಯಾ? ನನ್ನ ತಡೆಯೋಕೆ ಪಾಪ ಅವನನ್ನ ಸಾಯಿಸ್ಬಿಟ್ಯಲ್ಲಕ್ಕ!”

ಆಣೆ ಹಾಕಿದೆ, ಬೈದೆ, ಜನರೆದುರೇ ಕಣ್ಣೀರಿಟ್ಟೆ. ಅವನು ಆ ಪುಟಗಳನ್ನು ಅಂದವಾಗಿ ಮಡಿಸಿ ನನ್ನ ಕೈಗಿಟ್ಟ. ರಟ್ಟು ಸೊಟ್ಟಗಿದ್ದ ಪುಸ್ತಕವನ್ನು ಚೀಲಕ್ಕೆ ತುರುಕಿಕೊಂಡ.

“ಇದು ಜೊತೇಲಿರ್ಲಿ, ಧೈರ್ಯ ಕೊಡುತ್ತೆ,” ಎಂದು ಬಸ್ ಹತ್ತಿದ.